ಜೋಡಿ ಗಾಜಿನ ಬಾಗಿಲಿಗೆ ಬೆಕ್ಕಿನ ಕಿಂಡಿ ಕೂರಿಸುವ ಕ್ರಮ

ಜೋಡಿ ಗಾಜಿನ ಬಾಗಿಲಿನಲ್ಲಿ ಬೆಕ್ಕಿಗೊಂದು ಕಿಂಡಿ ಮಾಡಿಸಬೇಕೆನ್ನುವವರು ಈಗಿರುವ ಗಾಜನ್ನು ಕೊರೆಯುವ ಯೋಚನೆಯನ್ನು ಮೊದಲು ಬಿಡಬೇಕು. ಎರಡು ಗಾಜುಗಳ ನಡುವಿನ ಒಣಗಾಳಿಯನ್ನು ಅಂಚಿನ ಸ್ಪೇಸರ್ ಪಟ್ಟಿ ಮತ್ತು ಸೀಲಂಟ್ ಕಾಯ್ದಿರುತ್ತವೆ. ಆ ಬಿಗಿ ತಪ್ಪಿತೆಂದರೆ ಕಾರವಾರದ ತೇವದ ಗಾಳಿ ಒಳಸೇರಿ, ಯಾವ ಬಟ್ಟೆಗೂ ಎಟುಕದ ಮಬ್ಬು ಒಳಮೈಯಲ್ಲಿ ಕಟ್ಟುತ್ತದೆ. ಮೇಲಾಗಿ, ಬಾಗಿಲಿಗೆ ಹಾಕುವ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಟ್ಟನೆ ತಣಿಸಿದ ಈ ಗಾಜಿನ ಹೊರಪದರ ಒತ್ತಡದಲ್ಲಿಯೂ ಒಳಭಾಗ ಸೆಳೆತದಲ್ಲಿಯೂ ಇರುವುದರಿಂದ, ಡ್ರಿಲ್ ಒಳಗಿಳಿದೊಡನೆ ಇಡೀ ಗಾಜು ಚೂರಾಗುತ್ತದೆ.

ಉಳಿಯುವುದು ಎರಡು ದಾರಿ. ರಂಧ್ರವನ್ನು ಮೊದಲೇ ಕೊರೆದು, ಬಳಿಕ ಟಫನ್ ಮಾಡಿ, ರಂಧ್ರದ ಸುತ್ತಲೂ ಸೀಲ್ ಹಾಕಿದ ಹೊಸ ಜೋಡಿ ಗಾಜನ್ನು ಕಾರ್ಖಾನೆಯಿಂದ ಮಾಡಿಸಿ ತರಿಸುವುದು ಒಂದು. ಬಾಗಿಲಿನ ಕೆಳಭಾಗದ ಗಾಜನ್ನು ತೆಗೆದು, ಅಷ್ಟೇ ದಪ್ಪದ, ಒಳಗೆ ಫೋಮ್ ಇರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪ್ಯಾನೆಲ್ ಹಾಕಿ ಅದರಲ್ಲಿ ಕಿಂಡಿ ಕೊರೆಯುವುದು ಇನ್ನೊಂದು. ನಡುವೆ ಅಡ್ಡಪಟ್ಟಿಯಿರುವ ಬಾಗಿಲಾದರೆ ಎರಡನೆಯದೇ ಲೇಸು. ಮುಂದೆ ಮನೆ ಬದಲಿಸಿದರೂ ತೆಗೆದಿಟ್ಟ ಗಾಜನ್ನು ಮತ್ತೆ ಕೂರಿಸಬಹುದು. ಬಾಗಿಲಿನುದ್ದಕ್ಕೂ ಒಂದೇ ಗಾಜಿದ್ದರೆ ಅದನ್ನು ಮನೆಯವರು ಇಳಿಸಲು ಹೋಗಬಾರದು: 6 ಮಿ.ಮೀ.ಯ ಎರಡು ಗಾಜುಗಳ ತೂಕ ಚದರ ಮೀಟರಿಗೆ 30 ಕಿಲೋ ಆಗುತ್ತದೆ.

ಅಳತೆಯನ್ನು ಬೆಕ್ಕಿನಿಂದಲೇ ಆರಂಭಿಸಬೇಕು. ಅದು ನಿಂತಾಗ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆಯೋ ಕಿಂಡಿಯ ಕೆಳ ಅಂಚು ಹೆಚ್ಚುಕಡಿಮೆ ಅಲ್ಲಿರಬೇಕು. ಬೆಳೆದ ಬೆಕ್ಕಿಗೆ ಇದು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಮಳೆ ನೈಋತ್ಯದಿಂದ ಹೊಡೆಯುವ ಈ ಕರಾವಳಿಯಲ್ಲಿ ಕಡಲಿಗೆ ಮುಖ ಮಾಡಿದ ಬಾಗಿಲಿಗಿಂತ, ಮಾಡು ಚಾಚಿಕೊಂಡಿರುವ ಹಿತ್ತಲ ಬಾಗಿಲು ಕಿಂಡಿಗೆ ಹೆಚ್ಚು ಯೋಗ್ಯ.

ಗಾಜನ್ನು ಹಿಡಿದಿರುವ ಒಳಬದಿಯ ಬೀಡಿಂಗ್ ಪಟ್ಟಿಗಳಲ್ಲಿ ಉದ್ದದ್ದರ ನಡುವೆ ಪುಟ್ಟಿ ಹಚ್ಚುವ ಚಪ್ಪಟೆ ಅಲಗನ್ನು ತೂರಿಸಿ ಮೆಲ್ಲನೆ ಎಬ್ಬಿಸಬೇಕು. ಯಾವುದು ಯಾವ ಬದಿಯದೆಂದು ಹಿಂಬದಿಯಲ್ಲಿ ಗುರುತು ಹಾಕಿಕೊಂಡರೆ ಮರಳಿ ಕೂರಿಸುವಾಗ ಗೊಂದಲವಾಗದು. ಗಾಜಿನಡಿಯ ಪ್ಲಾಸ್ಟಿಕ್ ಬಿಲ್ಲೆಗಳು ಇದ್ದಲ್ಲೇ ಇರಲಿ, ಏಕೆಂದರೆ ಬಾಗಿಲು ಜೋತುಬೀಳದಂತೆ ತಡೆಯುವುದು ಅವೇ. ಪ್ಯಾನೆಲನ್ನು ಮೇಜಿನ ಮೇಲೆ ಮಲಗಿಸಿ, ಕಿಂಡಿಯ ಜೊತೆ ಬಂದ ಕಾಗದದ ಅಚ್ಚನ್ನು ಅಂಟಿಸಿ, ನಾಲ್ಕು ಮೂಲೆಗಳಲ್ಲಿ ರಂಧ್ರ ಕೊರೆದು, ಸಣ್ಣ ಹಲ್ಲಿನ ಅಲಗು ಹಾಕಿದ ಜಿಗ್‌ಸಾದಿಂದ ಕತ್ತರಿಸಬೇಕು. ಕತ್ತರಿಸಿದಲ್ಲಿ ಕಾಣುವ ಫೋಮಿನ ಅಂಚಿಗೆ ತೆಳುವಾಗಿ ಸಿಲಿಕೋನ್ ಬಳಿಯದೆ ಮುಂದುವರಿದರೆ ಮೊದಲ ಮಳೆಗಾಲದಲ್ಲೇ ನೀರು ಒಳಗಿಳಿಯುತ್ತದೆ.

ಕಿಂಡಿಯ ಎರಡು ಚೌಕಟ್ಟುಗಳನ್ನು ಜೋಡಿಸಲು ಪೆಟ್ಟಿಗೆಯಲ್ಲಿ ಬಂದ ಸ್ಕ್ರೂಗಳ ಬದಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸುವುದು ಒಳಿತು. ಉಪ್ಪುಗಾಳಿ ಸಾಮಾನ್ಯ ಸ್ಕ್ರೂವನ್ನು ಬಹುಕಾಲ ಉಳಿಸದು. ಅತಿಯಾಗಿ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಕಿಂಡಿಯ ಕದ ಸಿಕ್ಕಿಕೊಳ್ಳುತ್ತದೆ. ಹೊರಗಿನ ಚೌಕಟ್ಟಿನ ಅಂಚಿಗೆ ನ್ಯೂಟ್ರಲ್ ಸಿಲಿಕೋನನ್ನು ಮೇಲೆ ಮತ್ತು ಎರಡು ಬದಿಗೆ ಎಳೆದು, ಸೇರಿದ ನೀರು ಹೊರಹರಿಯಲು ಕೆಳಗೆ ತುಸು ಜಾಗ ಬಿಡಬೇಕು. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಜೋಡಿ ಗಾಜಿನ ಅಂಚಿನ ಸೀಲಂಟನ್ನು ಕೆಡಿಸಬಲ್ಲದು. ಬಾಗಿಲಿನ ಚೌಕಟ್ಟಿನ ಅಡಿಯಲ್ಲಿರುವ ನೀರಿಳಿಯುವ ಸಣ್ಣ ತೂತುಗಳನ್ನೂ ಮುಚ್ಚಬಾರದು.

ಮೊದಲ ಕೆಲವು ದಿನ ಕದವನ್ನು ಟೇಪಿನಿಂದ ಮೇಲಕ್ಕೆ ಕಟ್ಟಿಟ್ಟು ಒಳಗೊಂದು ಚೂರು ಒಣಮೀನು ಇಟ್ಟರೆ, ಬಂಗಡೆಯ ವಾಸನೆ ಬಲ್ಲ ಬೆಕ್ಕಿಗೆ ಬೇರೆ ಪಾಠ ಬೇಕಾಗದು. ಬೆಕ್ಕು ನುಸುಳುವಲ್ಲಿ ಇಲಿಯೂ ಅದರ ಹಿಂದೆ ಹಾವೂ ಬರಬಹುದಾದ್ದರಿಂದ ಒಳಗಿನಿಂದ ಚಿಲಕ ಹಾಕಬಹುದಾದ ಕಿಂಡಿಯನ್ನೇ ಕೊಂಡು, ಕತ್ತಲಾಗುವ ಮೊದಲೇ ಬೆಕ್ಕನ್ನು ಒಳಸೇರಿಸಿ ಚಿಲಕ ಹಾಕಬೇಕು. ಶಿರಸಿಯ ಕಡೆ ಕಾಡಂಚಿನಲ್ಲಿರುವ ಮನೆಗಳಿಗಂತೂ ಇದು ಬಿಡಲಾಗದ ನಿಯಮ. ಮಳೆಗಾಲ ಮುಗಿದೊಡನೆ ಕದದ ಕೀಲು ಮತ್ತು ಮ್ಯಾಗ್ನೆಟ್ ಪಟ್ಟಿಯನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಎಲ್ಲಾದರೂ ಬಿಟ್ಟಿದ್ದರೆ ಆಗಲೇ ಹೊಸದಾಗಿ ತುಂಬಬೇಕು.