ಉಂಬಳ ತಪ್ಪಿಸಿ ಶಾಲೆಗೆ: ಮೊದಲ ಗೇಮ್ ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಈ ಮಳೆಗಾಲದಲ್ಲಿ ವಿಡಿಯೊ ಗೇಮ್ ಮಾಡುತ್ತಿದ್ದಾಳೆ. ಉಂಬಳ, ಅಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ, ಹತ್ತಿಸಿಕೊಳ್ಳದೆ, ಹಳ್ಳದ ಮೇಲಿನ ಕಾಲುಸಂಕ ದಾಟಿ, ಬೆಲ್ ಹೊಡೆಯುವುದರೊಳಗೆ ಶಾಲೆ ಮುಟ್ಟಬೇಕು. ಆಟ ಇಷ್ಟೇ. ಮೊದಲ ಸಲ ಗೇಮ್ ಮಾಡುವವರಿಗೆ ಅವಳು ಹಿಡಿದ ದಾರಿಯೇ ಚೆನ್ನಾಗಿ ಒದಗುತ್ತದೆ.

ಒಂದು ಕಂಪ್ಯೂಟರ್, ಅದರಲ್ಲಿ ಸ್ಕ್ರ್ಯಾಚ್ ಇದ್ದರೆ ಸಾಕು. ಬಣ್ಣದ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2007ರಲ್ಲಿ ಎಲ್ಲರ ಕೈಗೆ ಬಂದ ಈ ತಂತ್ರಾಂಶ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಟವರ್ ಸಿಗದ ನಮ್ಮೂರುಗಳಿಗೆ ಇದು ದೊಡ್ಡ ಅನುಕೂಲ.

ಮೊದಲು ಕಾಗದ ಹಿಡಿಯಿರಿ. ಗೆಲ್ಲುವುದು ಯಾವಾಗ, ಸೋಲುವುದು ಯಾವಾಗ ಅಂತ ಎರಡೇ ಸಾಲು ಬರೆಯಿರಿ. ಇವಳ ಮೊದಲ ಹಾಳೆಯಲ್ಲಿ ಕಾಡುಕೋಣ, ಕಾಳಿಂಗ, ಜೋಗದ ಗುಂಡಿ ಎಲ್ಲವೂ ಇದ್ದವು. ಒಂದೊಂದಾಗಿ ಹೊಡೆದುಹಾಕಿ ಉಂಬಳವನ್ನಷ್ಟೇ ಉಳಿಸಿಕೊಂಡಳು. ಆಟ ಕೈಗೆ ಹತ್ತಿದ್ದು ಅಲ್ಲಿಂದಲೇ.

ಚಿತ್ರಕ್ಕೆ ಹೆಚ್ಚು ಹೊತ್ತು ಬೇಡ, ಒಂದು ಚೌಕವೇ ಆಟದ ಹುಡುಗಿಯಾದರೂ ಸರಿ. ಹೊತ್ತು ಕೊಡಬೇಕಾದದ್ದು ಜಿಗಿತಕ್ಕೆ. ಸ್ಕ್ರ್ಯಾಚ್ ಪರದೆಯ ಅಗಲ 480, ಎತ್ತರ 360, ನಟ್ಟನಡುವೆ ಸೊನ್ನೆ. ನೆಲ ಅದಕ್ಕಿಂತ ಕೆಳಗೆ, −120ರಲ್ಲಿದೆ ಅಂದುಕೊಳ್ಳಿ. ‘ವೇಗ’ ಅಂತ ಒಂದು ವೇರಿಯಬಲ್, ಅಂದರೆ ಬದಲಾಗುವ ಅಂಕಿಯನ್ನು ಇಟ್ಟುಕೊಳ್ಳುವ ಡಬ್ಬಿ, ಮಾಡಿ. ನೆಲದ ಮೇಲೆ ನಿಂತಾಗ ಮೇಲಿನ ಬಾಣದ ಕೀ ಒತ್ತಿದರೆ ವೇಗ 12 ಆಗಲಿ. ತನ್ನೊಳಗಿನದನ್ನು ನಿಲ್ಲದೆ ಮತ್ತೆ ಮತ್ತೆ ನಡೆಸುವ ಫಾರೆವರ್ ಬ್ಲಾಕಿನೊಳಗೆ ಪ್ರತಿ ಸುತ್ತಿನಲ್ಲೂ ಹುಡುಗಿ ವೇಗದಷ್ಟು ಮೇಲೇರಲಿ, ಆಮೇಲೆ ವೇಗ ಒಂದು ಕಡಿಮೆಯಾಗಲಿ. 12, 11, 10 ಹೀಗೆ ಸೇರಿ 78 ಏರುತ್ತಾಳೆ. ವೇಗ ಸೊನ್ನೆಗಿಂತ ಕೆಳಗಿಳಿದಾಗ ತಾನಾಗಿ ಬೀಳುತ್ತಾಳೆ. ನೆಲ ಮುಟ್ಟಿದೊಡನೆ ವೇಗವನ್ನು ಸೊನ್ನೆ ಮಾಡಿ. ಮೊದಲು ಲಿಫ್ಟಿನ ಹಾಗೆ ಏರಿಳಿಯುತ್ತಿದ್ದ ಹುಡುಗಿ ಇಷ್ಟಾದ ಮೇಲೆ ನಿಜವಾಗಿ ಹಾರಿದಳು. ಆವತ್ತು ಲ್ಯಾಬಿನಲ್ಲಿದ್ದವರೆಲ್ಲ ಗೇಮ್ ಮಾಡಿದವಳ ಕುರ್ಚಿಯ ಹಿಂದೆ ನಿಂತಿದ್ದರು.

ಉಂಬಳಗಳಿಗೆ ಕ್ಲೋನ್, ಅಂದರೆ ಆಟ ನಡೆಯುವಾಗಲೇ ಹುಟ್ಟುವ ನಕಲು, ಬಳಸಿ. ಇಲ್ಲಿ ಎಡವುವ ಜಾಗ ಒಂದಿದೆ. ಸ್ಟೇಜ್, ಅಂದರೆ ಆಟದ ಹಿನ್ನೆಲೆ, ಎರಡು ಸೆಕೆಂಡಿಗೊಮ್ಮೆ ‘ಉಂಬಳ ಬಾ’ ಅಂತ ಸಂದೇಶ ಕಳಿಸಿದಾಗ ಉಂಬಳ ತನ್ನದೊಂದು ಕ್ಲೋನ್ ಮಾಡಬೇಕು ಎಂದು ಬರೆದಿದ್ದಳು. ಆ ಸಂದೇಶ ಕ್ಲೋನ್‌ಗಳಿಗೂ ಕೇಳಿಸುತ್ತದೆ! ಒಂದು ಎರಡಾಗಿ, ಎರಡು ನಾಲ್ಕಾಗಿ, ಇಪ್ಪತ್ತು ಸೆಕೆಂಡಿನೊಳಗೆ ಸ್ಕ್ರ್ಯಾಚಿನ ಮಿತಿಯಾದ 300 ಕ್ಲೋನ್ ತುಂಬಿ ಪರದೆಯೆಲ್ಲ ಉಂಬಳ. ಕ್ಲೋನ್ ಮಾಡುವ ಬ್ಲಾಕನ್ನು ಸ್ಟೇಜಿಗೇ ವರ್ಗಾಯಿಸಿದಳು, ಸರಿಹೋಯಿತು. ಅಂಚು ತಲುಪಿದ ಕ್ಲೋನನ್ನು ಅಳಿಸಲೂ ಮರೆಯಬೇಡಿ.

ಪುನರ್ವಸು ಮಳೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಒಂದು ಮಧ್ಯಾಹ್ನದ ಕೆಲಸ ಹಾಗೇ ಕಳೆದುಹೋದ ಮೇಲೆ, ಏನಾದರೂ ಒಂದು ಸರಿಯಾದ ಕೂಡಲೇ ‘ಉಂಬಳ-1’, ‘ಉಂಬಳ-2’ ಎಂದು ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತಾಳೆ. ಏನು ಕೆಲಸ ಮಾಡಿತು, ಏನು ಕೆಟ್ಟಿತು ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡುತ್ತಾಳೆ.

ಕೊನೆಗೆ, ಆಟ ಗೊತ್ತಿಲ್ಲದ ಸಣ್ಣ ಮಕ್ಕಳ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡಿ. ಅವಳ ತಮ್ಮ ಬಾಣದ ಕೀ ಮುಟ್ಟಲೇ ಇಲ್ಲ, ಸ್ಪೇಸ್ ಬಾರನ್ನೇ ಕುಟ್ಟುತ್ತಾ ಕೂತ. ಮರುದಿನ ಸ್ಪೇಸ್ ಬಾರಿಗೂ ಹುಡುಗಿ ಜಿಗಿಯುತ್ತಿದ್ದಳು. ಉಂಬಳ ಬಿಡಿಸಲು ಉಪ್ಪಿನ ಪೊಟ್ಟಣ ಬೇಕೆಂದೂ ಅವನು ಕೇಳಿದ್ದಾನೆ. ‘ಉಂಬಳ-15’ರಲ್ಲಿ ಅದೂ ಬರುತ್ತದೆ.