ಹಸಿರು ಚುಕ್ಕೆ ಇದ್ದರೆ ಸಾಕಾ? ಹಲಾಲ್ ಅಡುಗೆಮನೆಗೆ ಪ್ಯಾಕೆಟ್ ಓದುವ ಬಗೆ

ಕಳೆದ ವರ್ಷ ಅಕ್ಕನ ಮಗ ಜರ್ಮನಿಯಿಂದ ರಜೆಗೆ ಬಂದಾಗ ಮಕ್ಕಳಿಗೆಂದು ದೊಡ್ಡದೊಂದು ಪ್ಯಾಕೆಟ್ ಜೆಲ್ಲಿ ಮಿಠಾಯಿ ತಂದಿದ್ದ. ಬಣ್ಣ ಬಣ್ಣದ ಮೀನು, ನಕ್ಷತ್ರ. ಸಣ್ಣ ಮಗಳು ಹಲ್ಲಿನಿಂದ ಕಚ್ಚಿ ಹರಿಯುವಷ್ಟರಲ್ಲಿ ನಾನು ಅದನ್ನು ತೆಗೆದುಕೊಂಡು ಹಿಂಬದಿ ತಿರುಗಿಸಿದೆ. ಪೂರ್ತಿ ಜರ್ಮನ್. ಮೊಬೈಲ್ ಹಿಡಿದು ಅನುವಾದ ಮಾಡಿಸಿದಾಗ ಸಕ್ಕರೆಯ ಪಕ್ಕದಲ್ಲೇ ಇತ್ತು: ಹಂದಿ ಜೆಲಟಿನ್. ಹುಡುಗನ ಮುಖ ಸಣ್ಣದಾಯಿತು. ‘ಖಾಲಾ, ಮಿಠಾಯಿಯಲ್ಲಿ ಹಂದಿ ಯಾಕೆ ಬರುತ್ತೆ?’ ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆಯುವ ಪ್ರೋಟೀನೇ ಜೆಲಟಿನ್. ಬಣ್ಣ ಇಲ್ಲ, ವಾಸನೆ ಇಲ್ಲ. ಬಾಯಿಯ ಬಿಸಿಗೇ ಕರಗುತ್ತದೆ. ಅದಕ್ಕೇ ಜೆಲ್ಲಿ, ಮಾರ್ಷ್‌ಮ್ಯಾಲೋ, ಮೂಸ್, ಕೆಲವು ಮೊಸರು, ಔಷಧಿಯ ಕ್ಯಾಪ್ಸೂಲ್ ಎಲ್ಲದರಲ್ಲೂ ಅದು ಬರುತ್ತದೆ. ನಾಲಿಗೆಗೆ ಗೊತ್ತಾಗುವುದೇ ಇಲ್ಲ. ಓದಿಯೇ ತಿಳಿಯಬೇಕು. ಹೇಗೆ ಓದುವುದು ಅನ್ನುವುದನ್ನು ನಾನು ವರ್ಷಗಟ್ಟಲೆ ಅಂಗಡಿಯಲ್ಲಿ ನಿಂತು ಕಲಿತಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಅಳತೆ ಗೊತ್ತಿರಲಿ

ಕುರ್‌ಆನ್ ಬೇಡ ಎಂದದ್ದು ಕೆಲವೇ: ಸತ್ತ ಪ್ರಾಣಿ, ರಕ್ತ, ಹಂದಿ, ಅಲ್ಲಾಹನ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಕೊಯ್ದದ್ದು. ಜೊತೆಗೆ ಅಮಲು ತರುವ ಪಾನೀಯ. ಕೋಳಿ, ಕುರಿ, ದನ ಹಲಾಲ್, ಆದರೆ ಬಿಸ್ಮಿಲ್ಲಾ ಹೇಳಿ ಕೊಯ್ದಿರಬೇಕು. ಮೀನಿಗೆ ಕೊಯ್ಯುವ ನಿಯಮ ಇಲ್ಲ. ಬೇಡ ಎಂದು ಹೇಳದಿರುವುದು ತಿನ್ನಬಹುದಾದದ್ದು ಅನ್ನುವುದೇ ಮೂಲ ನಿಯಮ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಉಪ್ಪಿನ ಪ್ಯಾಕೆಟ್ ಮೇಲೂ ಅನುಮಾನ ಶುರುವಾಗುತ್ತದೆ.

ಪಂಥದಿಂದ ಪಂಥಕ್ಕೆ ಸಣ್ಣ ವ್ಯತ್ಯಾಸಗಳೂ ಇವೆ. ನನ್ನ ತವರು ಮೈಸೂರು, ಹನಫಿಗಳು. ಮದುವೆಯಾಗಿ ಬಂದದ್ದು ಮಂಗಳೂರಿಗೆ, ಶಾಫಿ ಮನೆಗೆ. ತವರಿನಲ್ಲಿ ಸಿಗಡಿ ತಿನ್ನಬಹುದಾ ಎಂದು ಅಪ್ಪಾಜಾನ್ ಮತ್ತು ಚಾಚಾ ವಾದ ಮಾಡುತ್ತಿದ್ದರು. ಇಲ್ಲಿ ಸಿಗಡಿ ಗಸಿ ಇಲ್ಲದೆ ನೆಂಟರ ಊಟವೇ ಇಲ್ಲ. ಯಾವುದಾದರೂ ಪದಾರ್ಥದ ಬಗ್ಗೆ ಗೊಂದಲ ಇದ್ದರೆ ನೀವು ನಂಬುವ ಆಲಿಮರನ್ನೇ, ಅಂದರೆ ಧರ್ಮ ವಿದ್ವಾಂಸರನ್ನೇ ಕೇಳಿ. ವಾಟ್ಸಾಪಿನಲ್ಲಿ ಬರುವ ‘ಹರಾಮ್ ಪಟ್ಟಿ’ ಬೇಡ.

ಚುಕ್ಕೆ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ನಮ್ಮ ದೇಶದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಚೌಕದೊಳಗೆ ಕಂದು ತ್ರಿಕೋನ. ಮೊದಲು ಕಂದು ಕೂಡ ಚುಕ್ಕೆಯೇ ಆಗಿತ್ತು. ಬಣ್ಣಗುರುಡು ಇರುವವರಿಗೂ ಗೊತ್ತಾಗಲಿ ಎಂದು 2020ರ ಲೇಬಲ್ ನಿಯಮದಲ್ಲಿ ತ್ರಿಕೋನ ಮಾಡಿದರು.

ಹಸಿರು ಚುಕ್ಕೆ ಇದ್ದರೆ ಹಂದಿ ಕೊಬ್ಬು, ಜೆಲಟಿನ್, ಕೀಟದ ಬಣ್ಣ, ಮೊಟ್ಟೆ ಇರಬಾರದು ಎಂಬುದು ಕಾನೂನು. ನಮ್ಮ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಆದರೆ ಆ ಚುಕ್ಕೆ ಉತ್ತರಿಸುವುದು ‘ಇದು ಸಸ್ಯಾಹಾರವಾ?’ ಅನ್ನುವ ಪ್ರಶ್ನೆಗೆ. ನಮ್ಮ ಪ್ರಶ್ನೆ ಬೇರೆ. ಹಸಿರು ಚುಕ್ಕೆ ಆಲ್ಕೊಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ರಮ್ ಹಾಕಿದ, ಮೊಟ್ಟೆ ಹಾಕದ ಕೇಕಿಗೂ ಹಸಿರು ಚುಕ್ಕೆ ಬರಬಹುದು. ಆಮೇಲೆ, ಹಾಲು, ಜೇನು, ಜೇನುಮೇಣ, ಅರಗು ಇವನ್ನು ಕಾನೂನು ಮಾಂಸಾಹಾರ ಎಂದು ಎಣಿಸುವುದಿಲ್ಲ. ಮಿಠಾಯಿಯ ಹೊಳಪಿಗೆ ಹಚ್ಚುವ, ಪಟ್ಟಿಯಲ್ಲಿ 904 ಎಂಬ ಸಂಖ್ಯೆಯಲ್ಲಿ ಬರುವಂಥದ್ದು ಅಂದರೆ ಅರಗು. ಅದು ಕೀಟದ ದೇಹವಲ್ಲ, ಜೇನಿನ ಹಾಗೆ ಕೀಟ ಕೊಡುವಂಥದ್ದು. ನಮ್ಮ ಮನೆಯಲ್ಲಿ ತಿನ್ನುತ್ತೇವೆ.

ಕಂದು ತ್ರಿಕೋನ ಕಂಡ ಕೂಡಲೇ ವಾಪಸ್ ಇಡುವುದೂ ಸರಿಯಲ್ಲ. ಮೊಟ್ಟೆ ಹಾಕಿದ ಬಿಸ್ಕತ್ತಿಗೂ ಅದೇ ಗುರುತು, ಮೀನಿನ ಉಪ್ಪಿನಕಾಯಿಗೂ ಅದೇ. ಎರಡೂ ನಮಗೆ ಹಲಾಲ್.

ಈಗ ಹಿಂಬದಿಯ ಪಟ್ಟಿ

ಇಲ್ಲೇ ಸಮಯ ಕೊಡಬೇಕು. ಅಕ್ಷರ ಸಣ್ಣದು, ಅದರ ಮೇಲೆ ಪ್ಯಾಕೆಟ್ ಅಂಟಿಸಿದ ಮಡಿಕೆ ಬೇರೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಿ. ಪಟ್ಟಿಯಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರುತ್ತದೆ. ಹಂದಿ ಕೊಬ್ಬು, ದನದ ಕೊಬ್ಬು ಹಾಕಿದ್ದರೆ ಹೆಸರು ಹಿಡಿದೇ ಬರೆಯಬೇಕು ಎಂದು ನಮ್ಮ ನಿಯಮ ಹೇಳುತ್ತದೆ. ತಲೆನೋವು ಸಂಖ್ಯೆಗಳದ್ದು, ಅಂದರೆ ಬಣ್ಣ, ರುಚಿ ಮುಂತಾದವಕ್ಕೆ ಸೇರಿಸುವ ಪದಾರ್ಥಗಳಿಗೆ ಹೆಸರಿನ ಬದಲು ಬರೆಯುವ ಗುರುತಿನ ಸಂಖ್ಯೆಗಳದ್ದು.

471 ತುಂಬಾ ಕಡೆ ಸಿಗುತ್ತದೆ: ಬ್ರೆಡ್, ಐಸ್‌ಕ್ರೀಮ್, ಬೇಕರಿಯವರ ಕೇಕ್ ಜೆಲ್. ಇದನ್ನು ಕೊಬ್ಬಿನಿಂದ ಮಾಡುತ್ತಾರೆ. ತಾಳೆ ಎಣ್ಣೆಯದೂ ಇರಬಹುದು, ಪ್ರಾಣಿಯದೂ ಇರಬಹುದು. ಸಂಖ್ಯೆ ಎರಡಕ್ಕೂ ಒಂದೇ. ಭಾರತದ ಪ್ಯಾಕೆಟ್ ಆಗಿ ಹಸಿರು ಚುಕ್ಕೆ ಇದ್ದರೆ ಚಿಂತೆ ಬೇಡ. ಹೊರದೇಶದ್ದಾದರೆ ಹುಡುಕಬೇಕು.

631 ಚಿಪ್ಸ್ ಮತ್ತು ನೂಡಲ್ಸ್ ಮಸಾಲೆಗೆ ರುಚಿ ಹೆಚ್ಚಿಸಲು ಹಾಕುವಂಥದ್ದು. ಮರಗೆಣಸಿನ ಪಿಷ್ಟದಿಂದಲೂ ಮಾಡುತ್ತಾರೆ, ಮೀನು, ಮಾಂಸದಿಂದಲೂ ಮಾಡಬಹುದು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದೇ 631 ಅನ್ನು ಉದಾಹರಣೆಯಾಗಿ ತೆಗೆದುಕೊಂಡಿತು. ಬರೀ ಸಂಖ್ಯೆ ಬರೆದರೆ ಸಾಲದು, ಪದಾರ್ಥ ಸಸ್ಯದ್ದೋ, ಪ್ರಾಣಿಯದ್ದೋ, ಪ್ರಯೋಗಾಲಯದ್ದೋ ಹೇಳಬೇಕು, ಎಷ್ಟೇ ಕಡಿಮೆ ಹಾಕಿದ್ದರೂ ಹೇಳಬೇಕು ಎಂದಿತು. ಆ ಅರ್ಜಿ ಹಾಕಿದವರು ಸಸ್ಯಾಹಾರಿಗಳ ಪರ ನಿಂತವರು. ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿನ ವಿಷಯದಲ್ಲಿ ನಾವು, ಅವರು ಎಲ್ಲಾ ಒಂದೇ ಕಡೆ ಇದ್ದೇವೆ ಎಂದು ನನಗೆ ಆಗ ತುಂಬಾ ಸಮಾಧಾನವಾಗಿತ್ತು.

120 ಕಂಡರೆ ಅದು ಕಾರ್ಮೈನ್ ಎಂಬ ಕೆಂಪು ಬಣ್ಣ. ಪೆರು ದೇಶದಲ್ಲಿ ಪಾಪಾಸುಕಳ್ಳಿಯ ಮೇಲೆ ಬದುಕುವ ಪುಟ್ಟ ಕೀಟವನ್ನು ಒಣಗಿಸಿ ತೆಗೆಯುತ್ತಾರೆ. ಆಲಿಮರಲ್ಲಿ ಇದರ ಬಗ್ಗೆ ಒಂದೇ ಮಾತಿಲ್ಲ. ನಾವು ಬಿಟ್ಟುಬಿಡುತ್ತೇವೆ. ಬೀಟ್‌ರೂಟ್ ಬಣ್ಣ, ಅಂದರೆ 162, ಹಾಕಿದ್ದೂ ಸಿಗುತ್ತದಲ್ವಾ?

441 ಎಂದಿದ್ದರೆ ಜೆಲಟಿನ್. 920 ಬ್ರೆಡ್ ಹಿಟ್ಟಿಗೆ ಹಾಕುವಂಥದ್ದು. ಬಾತುಕೋಳಿ ಪುಕ್ಕದಿಂದ, ಹಂದಿ ಕೂದಲಿನಿಂದಲೂ ತೆಗೆಯುತ್ತಾರೆ. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇದೆ. 542 ಮೂಳೆಯದು.

ಚೀಸ್‌ನಲ್ಲಿ ನೋಡಬೇಕಾದ ಪದ ರೆನೆಟ್. ಹಾಲು ಒಡೆಸುವ ಈ ಕಿಣ್ವವನ್ನು ಹಿಂದೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ‘ಮೈಕ್ರೋಬಿಯಲ್’ ಎಂದಿದ್ದರೆ ಪ್ರಾಣಿಯದಲ್ಲ. ಇಟಲಿಯ ಅಸಲಿ ಪಾರ್ಮಿಜಾನೊ ಚೀಸ್‌ಗೆ ಇಂದಿಗೂ ಕರುವಿನ ರೆನೆಟ್ಟೇ ಕಡ್ಡಾಯ.

ಮಿಠಾಯಿ ಮೇಲಿನ ಬೆಳ್ಳಿ ವರಕ್ ಬಗ್ಗೆ ಅಮ್ಮಿ ಯಾವಾಗಲೂ ಅನುಮಾನ ಪಡುತ್ತಿದ್ದರು. ಹಿಂದೆ ಅದನ್ನು ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವರಕ್ ತಯಾರಿಯಲ್ಲಿ ಪ್ರಾಣಿಜನ್ಯ ವಸ್ತು ಬಳಸಬಾರದು ಎಂದು ನಿಯಮ ತಂದಿತು.

ಆಲ್ಕೊಹಾಲ್

ವೆನಿಲಾ ಎಕ್ಸ್‌ಟ್ರಾಕ್ಟ್ ಎಂದು ಮಾರಲು ಅಮೆರಿಕದಲ್ಲಿ ಕನಿಷ್ಠ ಶೇ 35ರಷ್ಟು ಆಲ್ಕೊಹಾಲ್ ಇರಬೇಕು. ನಮ್ಮ ಅಂಗಡಿಯ ಸಣ್ಣ ಬಾಟಲಿಯ ಎಸೆನ್ಸ್‌ಗಳಲ್ಲಿ ಹಲವನ್ನು ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿರುತ್ತಾರೆ. ಬಾಟಲಿ ಮೇಲೆ ಬರೆದಿರುತ್ತದೆ, ನೋಡಿ ತನ್ನಿ. ವಿನೆಗರ್ ಬಗ್ಗೆ ಹೆದರಬೇಡಿ. ಹುಳಿಯಾಗಿ ಬದಲಾದ ಮೇಲೆ ಅದು ಹಲಾಲ್.

ಕ್ರಿಸ್ಮಸ್ ಹೊತ್ತಿಗೆ ಪಕ್ಕದ ಮನೆಯ ಬಾಯಮ್ಮ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಕಳಿಸುತ್ತಾರೆ. ಮೊದಲ ವರ್ಷ ನಾನು ಕೇಳಲು ನಾಚಿಕೊಂಡು ಸುಮ್ನೆ ಇದ್ದೆ. ಎರಡನೇ ವರ್ಷ ಕೇಳಿದೆ. ಅವರು ನಕ್ಕು, ‘ಕೇಕಿನ ಹಣ್ಣು ರಮ್ಮಿನಲ್ಲಿ ನೆನೆಹಾಕಿದ್ದು ಮಗಾ, ನಿಂಗೆ ಅದು ಬೇಡ’ ಎಂದು ಕೇಕ್ ತೆಗೆದು ನೆವ್ರಿ, ಕಿಡ್ಯೊ ಜಾಸ್ತಿ ಹಾಕಿದರು. ಈಗ ನಮಗೆಂದೇ ಕಿತ್ತಳೆ ರಸದಲ್ಲಿ ಹಣ್ಣು ನೆನೆಸಿ ಒಂದು ಸಣ್ಣ ಕೇಕ್ ಮಾಡುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದೆ ತಟ್ಟೆ ಹಾಗೇ ವಾಪಸ್ ಕಳಿಸಿದರೆ ಬೇಜಾರಾಗುತ್ತದೆ.

ಹೋಟೆಲಿನಲ್ಲಿ, ಮೆಡಿಕಲ್ ಶಾಪಿನಲ್ಲಿ

ಹೋಟೆಲಿನಲ್ಲಿ ‘ಹಲಾಲ್ ಕಟ್ಟಾ?’ ಎಂದು ಒಂದು ಮಾತು ಕೇಳಿದರೆ ಮಾಂಸದ ವಿಷಯ ಮುಗಿಯಿತು. ಹಂದಿ ಮಾಂಸವನ್ನೂ ಬಡಿಸುವ ಕಡೆ ಇನ್ನೊಂದು ಕೇಳಿ: ಕರಿಯುವ ಎಣ್ಣೆ, ಬಾಣಲೆ ಬೇರೆಯಾ? ಸಸ್ಯಾಹಾರದ ಆಲೂ ಫ್ರೈ ಕೂಡ ಅದೇ ಎಣ್ಣೆಯಲ್ಲಿ ಬೆಂದಿರಬಹುದು.

ಮಾತ್ರೆಯ ವಿಷಯದಲ್ಲಿ ಸ್ವಲ್ಪ ನಿಧಾನ ಬೇಕು. ಮೀನೆಣ್ಣೆ ಹಲಾಲ್, ಆದರೆ ಅದರ ಮೆತ್ತನೆಯ ಕವಚ ಸಾಮಾನ್ಯವಾಗಿ ಜೆಲಟಿನ್. ವಿಟಮಿನ್‌ಗಳು ಗಿಡದ ನಾರಿನಿಂದ ಮಾಡಿದ ಕವಚದಲ್ಲೂ ಸಿಗುತ್ತವೆ. ಪಟ್ಟಿಯಲ್ಲಿ ಎಚ್‌ಪಿಎಂಸಿ ಎಂದಿರುತ್ತದೆ. ಆದರೆ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುವಂಥದ್ದು, ಜೀವ ಉಳಿಸುವಂಥದ್ದು. ಬೇರೆ ದಾರಿ ಇಲ್ಲದಾಗ ತಪ್ಪಿಲ್ಲ ಎಂದು ಹೇಳಿರುವುದು ಅದೇ ಕುರ್‌ಆನ್, ಬೇಡವಾದದ್ದರ ಪಟ್ಟಿ ಕೊಟ್ಟ ಅದೇ ಆಯತ್‌ನಲ್ಲಿ, ಅಂದರೆ ಅದೇ ವಚನದಲ್ಲಿ. ಬದಲಿ ಇದೆಯಾ ಎಂದು ಡಾಕ್ಟರನ್ನು ಕೇಳಿ, ಅಷ್ಟೇ.

ಜೆಲಟಿನ್ ಬದಲು ಚೀನಾ ಗ್ರಾಸ್

ಹೊರಗೆ ಸಿಗದಿದ್ದರೆ ಮನೆಯಲ್ಲೇ ಮಾಡಿ. ಚೀನಾ ಗ್ರಾಸ್ ಅಂದರೆ ಕಡಲ ಪಾಚಿ. 10 ಗ್ರಾಂ ಎಳೆಗಳನ್ನು ಕತ್ತರಿಸಿ ಒಂದೂವರೆ ಕಪ್ ನೀರಿನಲ್ಲಿ 20 ನಿಮಿಷ ನೆನೆಹಾಕಿ. ಆಮೇಲೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಒಂದು ಎಳೆಯೂ ಕಾಣಬಾರದು. ಪಕ್ಕದ ಒಲೆಯಲ್ಲಿ ಮುಕ್ಕಾಲು ಲೀಟರ್ ಹಾಲು, ಸಕ್ಕರೆ ಬಿಸಿಯಾಗುತ್ತಿರಲಿ. ಹಾಲು ತಣ್ಣಗಿದ್ದರೆ ಚೀನಾ ಗ್ರಾಸ್ ತಾಗಿದ ಕೂಡಲೇ ಗಂಟು ಕಟ್ಟುತ್ತದೆ; ಹೆಚ್ಚಿನವರು ಕೆಡಿಸುವುದು ಇಲ್ಲೇ. ಎರಡೂ ಬಿಸಿ ಇರುವಾಗ ಸೋಸಿ ಸೇರಿಸಿ, ಏಲಕ್ಕಿ ಹಾಕಿ ತಟ್ಟೆಗೆ ಸುರಿಯಿರಿ. ಜೆಲಟಿನ್‌ನಂತೆ ಇದು ಸೆಕೆಗೆ ಕರಗುವುದಿಲ್ಲ. ಬೇಸಿಗೆಯಲ್ಲೂ ಇಫ್ತಾರ್ ಮುಗಿಯುವವರೆಗೆ ತುಂಡು ತುಂಡಾಗಿಯೇ ನಿಲ್ಲುತ್ತದೆ.

ಜರ್ಮನಿಯ ಹುಡುಗ ಈಗ ಕೊಳ್ಳುವ ಮೊದಲೇ ಅಂಗಡಿಯಿಂದ ಫೋಟೊ ಕಳಿಸುತ್ತಾನೆ. ಮೊನ್ನೆ ಕಳಿಸಿದ್ದರಲ್ಲಿ ಪೆಕ್ಟಿನ್ ಇತ್ತು. ಸೇಬು, ಕಿತ್ತಳೆ ಸಿಪ್ಪೆಯಿಂದ ತೆಗೆಯುವಂಥದ್ದು. ‘ಎರಡು ಪ್ಯಾಕೆಟ್ ತಾ’ ಎಂದು ಬರೆದೆ.