ಐದನೆಯ ಮಾತು ನನ್ನ ಪಾಲಿಗೆ ಬಂತು

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಮೊದಲೇ ಹಂಚಿರುತ್ತಾರೆ. ಕ್ಷಮೆಯ ಮಾತಿಗೆ, ಪಕ್ಕದ ಶಿಲುಬೆಯ ಕಳ್ಳನಿಗೆ ಪರದೈಸು (ಸ್ವರ್ಗ) ಕೊಟ್ಟ ಮಾತಿಗೆ ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಐದನೆಯದಕ್ಕೆ ಯಾರೂ ಕೈ ಎತ್ತುವುದಿಲ್ಲ. ಮೂಲ ಗ್ರೀಕಿನಲ್ಲಿ ಅದು ಒಂದೇ ಒಂದು ಶಬ್ದ. ನಮ್ಮಲ್ಲಿ, ‘ನನಗೆ ನೀರಡಿಕೆಯಾಗಿದೆ.’

2023ರಲ್ಲಿ ನಮ್ಮ ಸಭೆಯ ಪಾದ್ರಿ ಅಯ್ಯನವರು, “ಟೀಚರ್, ಇದು ನೀವೇ ಮಾಡ್ರಿ” ಅಂದರು. ಯೋಚಿಸಿ ಹೇಳಿದರೋ ಸುಮ್ಮನೆ ಹೇಳಿದರೋ ನಾನು ಕೇಳಲಿಲ್ಲ. ನನಗೆ ಆಗ ಡಯಾಲಿಸಿಸ್ ಶುರುವಾಗಿ ಒಂದೂವರೆ ವರ್ಷ. ಕೆಟ್ಟ ಕಿಡ್ನಿ ನೀರು ಹೊರಹಾಕುವುದಿಲ್ಲ, ಅದಕ್ಕೆ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ಗುಟುಕು ಎಲ್ಲ ಬಂತು. ಎಳನೀರು ಬಂದ್. ಉಪ್ಪಿನಕಾಯಿ ಬಂದ್, ಉಪ್ಪು ತಿಂದರೆ ನೀರಡಿಕೆ ಇಮ್ಮಡಿ. ಬೀದರಿನ ಏಪ್ರಿಲ್ ಕಂಡವರಿಗೆ ಮುಕ್ಕಾಲು ಲೀಟರ್ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕಷ್ಟ ದೇವರೇ ಕೊಟ್ಟಿದ್ದು ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಅದರ ಮೇಲೆ, ಮೊಣಕಾಲು ನೋವಿಗೆ ಡಾಕ್ಟರನ್ನು ಕೇಳದೆ ಮೆಡಿಕಲ್ ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳಿಗೆ ಲೆಕ್ಕವೇ ಇಲ್ಲ. ಎರಡೂ ಸೇರಿ ಕಿಡ್ನಿ ಕೆಡಿಸಿದವು. ಆದರೆ ನೋಡಲು ಬಂದವರಿಗೆ ಅಷ್ಟು ಸಾಲದು. ಒಬ್ಬರು ಪಾಪ ಹುಡುಕಿದರು, ಇನ್ನೊಬ್ಬರು ದೇವರ ಪರೀಕ್ಷೆ ಅಂದರು. ಸತ್ಯವೇದದಲ್ಲಿ ಎಲ್ಲ ಕಳಕೊಂಡು ರೋಗಕ್ಕೆ ಬಿದ್ದ ಯೋಬನ ಸ್ನೇಹಿತರಾದರೂ ಬಾಯಿ ತೆರೆಯುವ ಮೊದಲು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ನಮ್ಮವರು ಏಳು ನಿಮಿಷ ಕೂಡಲಿಲ್ಲ.

ಆ ಚಳಿಗಾಲದಲ್ಲಿ ಟೆಂಟಿನ ಕೂಟಕ್ಕೆ ಹೊರಗಿನಿಂದ ಒಬ್ಬ ಬೋಧಕ ಬಂದಿದ್ದ. ತಲೆಯ ಮೇಲೆ ಕೈ ಇಟ್ಟು, ಎಣ್ಣೆ ಹಚ್ಚಿ, ‘ಗುಣವಾಯಿತು, ಇನ್ನು ಮಷೀನಿಗೆ ಹೋದರೆ ಅಪನಂಬಿಕೆ’ ಅಂದ. ಹೋಗಲಿಲ್ಲ. ಎರಡು ಸಲ ತಪ್ಪಿಸಿದೆ. ನಾಲ್ಕನೆಯ ರಾತ್ರಿ ಮಲಗಿದರೆ ಮುಳುಗಿದಂತೆ, ಎದ್ದು ಕೂತರೆ ಅರ್ಧ ಉಸಿರು. ಪುಪ್ಪುಸದಲ್ಲಿ ನೀರು ತುಂಬಿತ್ತು. ಮಗ ಆಟೋದಲ್ಲಿ ಎತ್ತಿ ಹಾಕಿಕೊಂಡು ಓಡಿದ. ಅಡ್ಡ ಉಪದೇಶಕ್ಕಿಂತ ನನ್ನ ಆಸೆಯೇ ನನ್ನನ್ನು ಹೆಚ್ಚು ಮೋಸ ಮಾಡಿತ್ತು ಅನ್ನುವುದು ಆಮೇಲೆ ತಿಳಿಯಿತು.

ಅದಾದ ಮೇಲೆ ಸತ್ಯವೇದದ ಕೀರ್ತನೆ 69 ಕೈಗೆ ಸಿಕ್ಕಿತು. ಮೊದಲ ವಚನದಲ್ಲೇ ನೀರು ಕುತ್ತಿಗೆ ತನಕ ಬಂದಿದೆ, ಕಾಪಾಡು ಅನ್ನುವ ಕೂಗು. ಎರಡು ವಚನ ದಾಟಿದರೆ ಕೂಗಿ ಕೂಗಿ ಗಂಟಲು ಒಣಗಿದೆ ಅನ್ನುತ್ತಾನೆ ಕೀರ್ತನೆಕಾರ. ಕುತ್ತಿಗೆ ತನಕ ನೀರು, ಗಂಟಲಲ್ಲಿ ಹನಿ ಇಲ್ಲ! ಇದೇನು ವಿರೋಧ ಅಂತ ಬೇರೆಯವರು ಕೇಳಬಹುದು, ಡಯಾಲಿಸಿಸ್ ರೋಗಿ ಕೇಳುವುದಿಲ್ಲ. ನಮ್ಮ ರೋಗವೇ ಅದು.

ಅಂದಿನಿಂದ ನಾಲ್ಕು ತಾಸು ಮಷೀನಿನಲ್ಲಿರುವಾಗ ಅದನ್ನೇ ಓದಿದೆ. ಎಡಗೈಯಲ್ಲಿ ಎರಡು ಸೂಜಿ, ಬಲಗೈಯಲ್ಲಿ ಸತ್ಯವೇದ. ಮೊದಮೊದಲು ನಡುವೆ ಬರುವ ಶಾಪದ ವಚನಗಳನ್ನು ಬಿಟ್ಟು ಓದುತ್ತಿದ್ದೆ, ಟೀಚರ್ ಬುದ್ಧಿ. ಒಂದು ದಿನ ಬಿಡಲಿಲ್ಲ. ಆ ಬೋಧಕನನ್ನು ನೆನೆದು ಒಂದೊಂದೂ ಓದಿದೆ. ಹಗುರಾಯಿತು ಅಂತ ಹೇಳಲಾರೆ. ಆದರೆ ದೇವರ ಮುಂದೆ ಸುಳ್ಳು ಹೇಳುವುದು ಅಂದಿಗೆ ನಿಂತಿತು. ಅಷ್ಟು ವರ್ಷ ‘ನಿನ್ನ ಚಿತ್ತ ಕರ್ತನೇ’ ಅನ್ನುತ್ತಿದ್ದುದರಲ್ಲಿ ಅರ್ಧ ಭಯ, ಅರ್ಧ ರೂಢಿ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಚಾಚಾ ಇದ್ದರು. ಆ ವರ್ಷ ನಮ್ಮ ಶ್ರಮದ ದಿನಗಳು (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು), ಅವರ ರಂಜಾನ್ ಒಂದರ ಮೇಲೊಂದು ಬಂದಿದ್ದವು. ರೋಜಾ (ಉಪವಾಸ) ಹಿಡಿಯಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆ ಅವರಿಗೆ ಬಹಳ ಬೇಜಾರು. “ಆದ್ರೂ ನೋಡ್ರಿ ಟೀಚರ್, ನಮ್ಮಿಬ್ರಿಗೂ ವರ್ಷಪೂರ್ತಿ ರೋಜಾನೇ ಅದ. ಇಫ್ತಾರ್ ಒಂದೇ ಇಲ್ಲ” ಅಂದರು. ನಾನು ನಕ್ಕ ರಭಸಕ್ಕೆ ಮಷೀನು ಕೂಗಿಕೊಂಡು ಸಿಸ್ಟರ್ ಓಡಿ ಬಂದರು.

ಮಾತಿಗೆ ತಯಾರಿ ಮಾಡುವಾಗ ಒಂದು ವಿಷಯದಲ್ಲಿ ಸಿಕ್ಕಿಬಿದ್ದೆ. ಮಾರ್ಕನ ಸುವಾರ್ತೆಯ ಪ್ರಕಾರ ಶಿಲುಬೆಗೆ ಹಾಕುವ ಮೊದಲು ರಕ್ತಬೋಳ (ಒಂದು ಕಹಿ ಅಂಟು) ಬೆರೆಸಿದ ದ್ರಾಕ್ಷಾರಸ ಕೊಡಲು ಬಂದರು, ಯೇಸು ತೆಗೆದುಕೊಳ್ಳಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಕೊನೆಗೆ ತಾನೇ ನೀರಡಿಕೆ ಅನ್ನುತ್ತಾನೆ, ಸ್ಪಂಜಿನಲ್ಲಿ ಕೊಟ್ಟ ಹುಳಿರಸ ತೆಗೆದುಕೊಳ್ಳುತ್ತಾನೆ. ಅದೂ ಕೊಂದವರ ಕೈಯಿಂದ. ನೀರಡಿಕೆಗೆ ಹುಳಿರಸ ಕೊಟ್ಟರು ಅನ್ನುವುದು 69ನೇ ಕೀರ್ತನೆಯಲ್ಲೇ ಇದೆ. ಸಮಾರ್ಯದ ಬಾವಿಯ ಹತ್ತಿರವೂ ಆ ಹೆಂಗಸನ್ನು ನೀರು ಕೊಡು ಅಂತ ಮೊದಲು ಕೇಳಿದವನು ಅವನೇ.

ನನಗೆ ಕೇಳಿ ಗೊತ್ತಿರಲಿಲ್ಲ. ಮೂವತ್ತು ವರ್ಷ ಸಾಲಿಯಲ್ಲಿ ಕಲಿಸಿದವಳು, ಸಭೆಯಲ್ಲಿ ಎಲ್ಲರ ಮನೆ ಕಷ್ಟಕ್ಕೆ ಓಡಿದವಳು. ಆಟೋಕ್ಕೆ ಹಣ ಸಾಲದಿದ್ದಾಗ ಬಸ್ಸಿನಲ್ಲಿ ನಿಂತು ಬಂದಿದ್ದೇನೆ, ಯಾರಿಗೂ ಹೇಳಿಲ್ಲ. ಅದಕ್ಕೆ ತಾಳ್ಮೆ ಅಂತ ಹೆಸರಿಟ್ಟುಕೊಂಡಿದ್ದೆ, ಅದು ಸೊಕ್ಕು. ಆ ವಾರ ಮೊದಲ ಸಲ ಸ್ತ್ರೀಯರ ಕೂಟದಲ್ಲಿ ಬಾಯಿಬಿಟ್ಟು, “ವಾರಕ್ಕೆ ಎರಡು ಸಲ ಯಾರಾದ್ರೂ ನನ್ನ ಕರ್ಕೊಂಡು ಹೋಗ್ರಿ” ಅಂದೆ. ಹೇಳಿ ಮುಗಿಸುವಾಗ ಕಿವಿ ಬಿಸಿಯಾಗಿತ್ತು. ಮೂರು ಜನ ಒಪ್ಪಿದರು. ಅವರಲ್ಲಿ ಒಬ್ಬಾಕೆ ನಾನು ಎಂದೂ ಸರಿಯಾಗಿ ಮಾತಾಡಿಸದಿದ್ದವಳು.

ಏಪ್ರಿಲ್ 7ಕ್ಕೆ ಹತ್ತು ನಿಮಿಷ ಮಾತಾಡಿದೆ. ನಮ್ಮೂರಿನ ಗುರುದ್ವಾರ ನಾನಕ್ ಝೀರಾದ ಕಥೆಯನ್ನೂ ಸೇರಿಸಿದೆ. ಬೀದರಿನಲ್ಲಿ ಸಿಹಿನೀರಿಲ್ಲದೆ ಜನ ಗೋಳಾಡುವಾಗ ಗುರು ನಾನಕರು ಪಾದುಕೆಯಿಂದ ಕಲ್ಲು ಸರಿಸಿದರು, ಬುಗ್ಗೆ ಬಂತು ಅನ್ನುತ್ತಾರಲ್ಲ, ಅದು. ಹಿರಿಯರೊಬ್ಬರು ಮುಖ ಗಂಟಿಕ್ಕಿದರು. ನೀರು ಕೇಳುವವರಿಗೆ ನೀರು ಸಿಕ್ಕ ಜಾಗ ನೆನಪಾಗುತ್ತದೆ, ಏನು ಮಾಡಲಿ?

ಅಪೊಸ್ತಲ ಪೌಲನು ಮೂರು ಸಲ ಬೇಡಿಕೊಂಡರೂ ಅವನು ಶರೀರದಲ್ಲಿನ ಮುಳ್ಳು ಅಂತ ಕರೆದ ಬಾಧೆ ಹೋಗಲಿಲ್ಲ. ನಾನು ಎಷ್ಟು ಸಲ ಬೇಡಿದ್ದೇನೋ. ಈಗಲೂ ಬೇಡುತ್ತೇನೆ, ಕೆಲವು ರಾತ್ರಿ ಜಗಳವನ್ನೂ ಆಡುತ್ತೇನೆ. ಮುಂಜಾನೆ ಎದ್ದು ಬಾಟಲಿಯಲ್ಲಿ ಮುಕ್ಕಾಲು ಲೀಟರ್ ಅಳೆದಿಟ್ಟು, ಒಂದೊಂದು ಗುಟುಕಿಗೆ ವಾರ್ಡಿನ ಒಬ್ಬೊಬ್ಬರ ಹೆಸರು ಹೇಳಿ ಕುಡಿಯುವುದು ರೂಢಿಯಾಗಿದೆ. ಅದರಿಂದ ನೀರು ಸಂಜೆ ತನಕ ಬರುತ್ತದೆ, ಅದೂ ಒಂದು ಲಾಭ.

ಈದ್ ಆದ ವಾರ ಚಾಚಾ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಶೀರ್ ಖುರ್ಮಾ (ಹಾಲು ಶಾವಿಗೆಯ ಪಾಯಸ) ತಂದಿದ್ದರು, ನಮಗೆ ಆಗದ ಖರ್ಜೂರ ಆರಿಸಿ ತೆಗೆದು. ಇಬ್ಬರಿಗೂ ಎರಡೆರಡು ಚಮಚ. ಸಿಸ್ಟರ್ ನೋಡಿ, “ಇವತ್ತಿನ ನೀರಿನ ಲೆಕ್ಕದಾಗ ಬರೀರಿ” ಅಂದರು. ಬರೆದೆ. ಆಮೇಲೆ ಚಾಚಾನ ಕಡೆ ತಿರುಗಿ, ಇನ್ನೊಂದು ಚಮಚ ಕೇಳಿದೆ.